ಅವ್ವನ ಟ್ರಂಕಿನ ನೋಟಿಗೆ ಬೆಲೆ ಕಟ್ಟುವವರು ಯಾರು?

"ಅಕ್ಕಾರ, ಟ್ರ್ಯಾಕ್ಟರ್ ಚಿತ್ರ ಇರೋ ಐದು ರೂಪಾಯಿ ನೋಟಿಗೆ ಹನ್ನೊಂದು ಲಕ್ಷ ಕೊಡ್ತಾರಂತ್ರಿ. ಆದ್ರ ಮೊದಲ ನಾವು ಎರಡು ಸಾವಿರದ ನೂರು ರೂಪಾಯಿ ಕಟ್ಟಬೇಕಂತ. ಕಟ್ಲೇನ್ರೀ?"

ಬೈಲಹೊಂಗಲದಿಂದ ಫೋನ್ ಮಾಡಿದ ಗೃಹಿಣಿಯೊಬ್ಬರ ಪ್ರಶ್ನೆ ಇದು. ಅತ್ತೆ ತೀರಿಕೊಂಡು ವರ್ಷವಾಗಿತ್ತಂತೆ. ವರ್ಷದ ಕಾರ್ಯ ಮುಗಿದ ಮೇಲೆ ಅವರ ಟ್ರಂಕು ಬಿಚ್ಚಿದ್ದಾರೆ. ಇಳಕಲ್ ಸೀರೆಗಳ ಮಡಿಕೆಯೊಳಗೆ ಒಂದು ಚಂಚಿ. ಎಲೆ-ಅಡಿಕೆಯ ವಾಸನೆ ಇನ್ನೂ ಹೋಗಿರದ ಆ ಚಂಚಿಯಲ್ಲಿ ಒಂದು, ಎರಡು, ಐದು ರೂಪಾಯಿಯ ಹಳೇ ನೋಟುಗಳು, ಹತ್ತರ ಒಂದೆರಡು, ಜೊತೆಗೆ 2016ರಲ್ಲಿ ರದ್ದಾದ ಐನೂರರ ಎರಡು ನೋಟು. ಮಗ ಮೊಬೈಲ್‌ನಲ್ಲಿ ಫೋಟೊ ಹಾಕಿದ ಅರ್ಧ ಗಂಟೆಯಲ್ಲೇ 'ಕಂಪನಿ'ಯಿಂದ ಫೋನ್ ಬಂತಂತೆ. ಹನ್ನೊಂದು ಲಕ್ಷದ ಮಾತು ಶುರುವಾದದ್ದು ಅಲ್ಲಿಂದ.

"ಕಟ್ಟಬೇಡಿ" ಎಂದು ಹೇಳಿ ಫೋನ್ ಇಟ್ಟುಬಿಡಬಹುದಿತ್ತು. ಆದರೆ ಒಂದು ಮಾತು ಮನಸ್ಸಿನಲ್ಲಿ ಉಳಿಯಿತು. "ಮನ್ಯಾಗ ಗಂಡಸರಿಗೆ ಕೇಳಿದ್ರ ನಗ್ತಾರ್ರಿ, ನಿಮಗ ಗೊತ್ತಿರತೈತಿ ಅಂತ ಕೇಳ್ದೆ" ಅಂದರು ಆಕೆ. ಗೊತ್ತಿರುವವರು ಯಾರು? ನಮ್ಮ ಅವ್ವ, ಅತ್ತೆ, ಅಜ್ಜಿಯರು ಕೂಡಿಟ್ಟ ಗಂಟಿಗೆ ಬೆಲೆ ಕಟ್ಟುವುದನ್ನು ನಾವು ಯಾವಾಗಲೂ ಇನ್ನೊಬ್ಬರ ಕೈಗೆ ಬಿಟ್ಟಿದ್ದೇವೆ. ಮೊದಲು ಗಂಡನ ಕೈಗೆ, ಆಮೇಲೆ ಮಗನ ಕೈಗೆ, ಈಗ ಮೊಬೈಲ್‌ನ ಕೈಗೆ! ನನ್ನ ಅಭಿಪ್ರಾಯ ಕೇಳಿದರೆ, ಸೀರೆಯ ಸೆರಗು ನೋಡಿ ಇದು ಕೈಮಗ್ಗದ್ದೋ ಪವರ್‌ಲೂಮಿನದೋ ಎಂದು ಹೇಳಬಲ್ಲ ಹೆಣ್ಣುಮಕ್ಕಳಿಗೆ ಹಳೇ ನೋಟನ್ನು ಓದುವುದು ಕಷ್ಟದ ಕೆಲಸವೇ ಅಲ್ಲ. ಬೇಕಾದದ್ದು ಒಂದು ಮಧ್ಯಾಹ್ನ, ಒಂದು ಭೂತಗನ್ನಡಿ, ಸ್ವಲ್ಪ ತಾಳ್ಮೆ.

ಮೊದಲು ಆ ಟ್ರ್ಯಾಕ್ಟರ್ ವಿಷಯ ಮುಗಿಸಿಬಿಡೋಣ. ಹಿಂಬದಿಯಲ್ಲಿ ರೈತ ಟ್ರ್ಯಾಕ್ಟರಿನಿಂದ ಹೊಲ ಉಳುವ ಚಿತ್ರದ ಐದು ರೂಪಾಯಿ ನೋಟು ವರ್ಷಾನುಗಟ್ಟಲೆ ಲೆಕ್ಕವಿಲ್ಲದಷ್ಟು ಅಚ್ಚಾಗಿದೆ. ನಾವೆಲ್ಲ ಅದೇ ನೋಟು ಕೊಟ್ಟು ಸಂತೆಯಲ್ಲಿ ಕೊತ್ತಂಬರಿ ಕೊಂಡವರು. ಇವತ್ತೂ ಅದು ಚಲಾವಣೆಗೆ ಯೋಗ್ಯವಾದ ನೋಟೇ. ಅಂಗಡಿಯವ ಮುಖ ಸಿಂಡರಿಸಬಹುದು, ಆ ಮಾತು ಬೇರೆ. ಮನೆಮನೆಯ ದೇವರ ಗೂಡಿನಲ್ಲಿ, ಪುಸ್ತಕದ ಹಾಳೆಗಳ ನಡುವೆ ಇರುವ ನೋಟಿಗೆ ಹನ್ನೊಂದು ಲಕ್ಷ ಯಾರು, ಯಾಕೆ ಕೊಟ್ಟಾರು? 786 ಅಂಕಿಯ ನೋಟಿನ ಕತೆಯೂ ಹೆಚ್ಚುಕಡಿಮೆ ಇದೇ. ಆ ಅಂಕಿಯನ್ನು ಪವಿತ್ರವೆಂದು ನಂಬುವವರು ಇಷ್ಟಪಟ್ಟು ಒಂದಿಷ್ಟು ಹೆಚ್ಚು ಕೊಡುತ್ತಾರೆ, ನಿಜ. ಲಕ್ಷದ ಮಾತು ಮಾತ್ರ ಗಾಳಿಸುದ್ದಿ.

ಹಾಗಂತ ಹಳೇ ನೋಟಿಗೆ ಬೆಲೆಯೇ ಇಲ್ಲ ಅಂತಲ್ಲ! ಯಾವುದಕ್ಕೆ ಇದೆ, ಯಾಕೆ ಇದೆ ಅನ್ನುವುದು ಗೊತ್ತಿಲ್ಲದಿರುವುದೇ ಮೋಸಗಾರರ ಬಂಡವಾಳ.

ಕಿತ್ತೂರಿನ ಕಡೆಯ ಓದುಗರೊಬ್ಬರು ಒಮ್ಮೆ ಕೇಳಿದ್ದರು, "ನಮ್ಮ ಮನ್ಯಾಗ ಚೆನ್ನಮ್ಮನ ಕಾಲದ ನೋಟು ಐತ್ರಿ, ಎಷ್ಟಕ್ಕ ಹೋಗಬಹುದು?" ಅಭಿಮಾನ ದೊಡ್ಡದು, ಆದರೆ ಲೆಕ್ಕ ಕೂಡುವುದಿಲ್ಲ. ರಾಣಿ ಚೆನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಲ್ಲಿದ್ದು ಪ್ರಾಣ ಬಿಟ್ಟದ್ದು 1829ರಲ್ಲಿ. ಭಾರತದಲ್ಲಿ ಸರ್ಕಾರವೇ ನೋಟು ಹೊರಡಿಸುವ ಕಾಯ್ದೆ ಬಂದದ್ದು 1861ರಲ್ಲಿ. ನಡುವೆ ಮೂವತ್ತೆರಡು ವರ್ಷ! ಅದಕ್ಕೂ ಮೊದಲು ಕಲ್ಕತ್ತಾದಂಥ ಕಡೆ ಕೆಲವು ಬ್ಯಾಂಕುಗಳು ನೋಟು ಹೊರಡಿಸುತ್ತಿದ್ದವು. ಆದರೆ 1824ರಲ್ಲಿ ಥ್ಯಾಕರೆ ಮೊಹರು ಹಾಕಲು ಬಂದ ಕಿತ್ತೂರಿನ ಖಜಾನೆ ಕಾಗದದ್ದಲ್ಲ, ಒಡವೆ-ನಾಣ್ಯದ್ದು. ಹಾಗಾಗಿ 'ಚೆನ್ನಮ್ಮನ ನೋಟು' ಅಂತ ಯಾರಾದರೂ ನಿಮಗೆ ಮಾರಲು ಬಂದರೆ ಚಹಾ ಕೊಟ್ಟು ಕಳಿಸಿಬಿಡಿ. ನೋಟು ಮಾತ್ರ ಕೊಳ್ಳಬೇಡಿ.

ರಾಮದುರ್ಗದವರು ಇನ್ನೊಂದು ತರಹ. 1948ರವರೆಗೂ ಅದು ಬೇರೆಯೇ ಸಂಸ್ಥಾನ. ಹಾಗಾಗಿ ಟ್ರಂಕಿನಲ್ಲಿ ಸಿಕ್ಕಿದ್ದೆಲ್ಲ ಸಂಸ್ಥಾನದ್ದೇ ಇರಬೇಕು ಎಂಬ ಆಸೆ. ನನಗೆ ತೋರಿಸಿದವರ ಮನೆಗಳಲ್ಲಿ ಸಿಕ್ಕಿದ್ದೆಲ್ಲ ಕಿರೀಟ ಹೊತ್ತ ಜಾರ್ಜ್ ದೊರೆಯ ನೋಟುಗಳೇ.

ನೋಟನ್ನು ಓದುವುದು ಹೀಗೆ

ಟೇಬಲ್ ಮೇಲೆ ಬಿಳಿ ಬಟ್ಟೆ ಹಾಸಿ. ಕೈ ತೊಳೆದು, ಚೆನ್ನಾಗಿ ಒರೆಸಿಕೊಂಡು ಕುಳಿತುಕೊಳ್ಳಿ. ನೋಟನ್ನು ಅಂಚಿನಿಂದ ಹಿಡಿಯಿರಿ. ಮೊದಲು ಯಾರು ಹೊರಡಿಸಿದ್ದು ನೋಡಿ. ಇದರಲ್ಲಿ ಒಂದು ರೂಪಾಯಿ ನೋಟಿನದು ಮೊದಲಿಂದಲೂ ಬೇರೆಯೇ ಸಂಸಾರ. ಅದನ್ನು ರಿಸರ್ವ್ ಬ್ಯಾಂಕ್ ಹೊರಡಿಸುವುದಿಲ್ಲ, ಭಾರತ ಸರ್ಕಾರ ಹೊರಡಿಸುತ್ತದೆ. ಅದರ ಮೇಲೆ ಗವರ್ನರ್ ಸಹಿ ಇರುವುದಿಲ್ಲ, ಹಣಕಾಸು ಕಾರ್ಯದರ್ಶಿಯ ಸಹಿ ಇರುತ್ತದೆ. 'ಧಾರಕನಿಗೆ ಇಷ್ಟು ರೂಪಾಯಿ ಕೊಡುವುದಾಗಿ ವಚನ' ಎಂಬ ಸಾಲೂ ಇರುವುದಿಲ್ಲ. ಹಾಗಾಗಿ "ಗವರ್ನರ್ ಸಹಿ ಇಲ್ಲದ ಅಪರೂಪದ ನೋಟು" ಎಂದು ಯಾರಾದರೂ ಒಂದು ರೂಪಾಯಿ ನೋಟು ತೋರಿಸಿದರೆ ನಕ್ಕುಬಿಡಿ.

ಈ ಒಂದು ರೂಪಾಯಿ ನೋಟು ಹುಟ್ಟಿದ್ದು 1917ರ ನವೆಂಬರ್ 30ರಂದು. ಮೊದಲ ಮಹಾಯುದ್ಧದ ಕಾಲ. ಬೆಳ್ಳಿಗೆ ಬರ ಬಂದು, ಬೆಳ್ಳಿಯ ರೂಪಾಯಿ ಟಂಕಿಸುವುದು ಕಷ್ಟವಾಗಿ, ಕಾಗದದ ಮೇಲೆ ಐದನೇ ಜಾರ್ಜ್ ದೊರೆಯ ಮುಖ ಅಚ್ಚು ಹಾಕಿದರು. ಅದರ ಬೆನ್ನಿಗೇ 1918ರಲ್ಲಿ ಎರಡೂವರೆ ರೂಪಾಯಿಯ ನೋಟು ಬಂತು. ಹೌದು, ಎರಡೂವರೆ! ಅಂದರೆ ಎರಡು ರೂಪಾಯಿ ಎಂಟಾಣೆ. 1926ರ ಹೊತ್ತಿಗೆ ಎರಡೂ ನಿಂತವು. ಒಂದು ರೂಪಾಯಿ ಮತ್ತೆ ಬಂದದ್ದು ಎರಡನೇ ಯುದ್ಧದ ಹೊತ್ತಿಗೆ, 1940ರಲ್ಲಿ. ಎರಡೂವರೆಯದು ಮಾತ್ರ ಮರಳಿ ಬರಲೇ ಇಲ್ಲ. ನಿಮ್ಮ ಅಜ್ಜಿಯ ಗಂಟಿನಲ್ಲಿ ಅಂಥದ್ದೊಂದು ಸಿಕ್ಕರೆ, ಹರಿದಿದ್ದರೂ ಸರಿ, ಅವಸರ ಮಾಡದೆ ತಿಳಿದವರಿಗೆ ತೋರಿಸಿ. ಅದರ ನಂಬರಿನ ಜೊತೆಗಿರುವ ಅಕ್ಷರವನ್ನೂ ಬರೆದಿಟ್ಟುಕೊಳ್ಳಿ. ಆಗ ದೇಶವನ್ನು ಸರ್ಕಲ್‌ಗಳಾಗಿ ಹಂಚಿದ್ದರು. ನಮ್ಮ ಬೆಳಗಾವಿ ಇದ್ದದ್ದು ಮುಂಬೈ ಪ್ರಾಂತ್ಯದಲ್ಲಿ. ಮುಂಬೈಗೆ ಬಿ, ಮದ್ರಾಸಿಗೆ ಎಂ, ರಂಗೂನಿಗೆ ಆರ್. ಅಕ್ಷರ ಬದಲಾದರೆ ಬೆಲೆಯೂ ಬದಲಾಗುತ್ತದೆ.

ಆರನೇ ಜಾರ್ಜ್ ದೊರೆಯ, 1940ರ ಇಸವಿ ಇರುವ, ಸಿ.ಇ. ಜೋನ್ಸ್ ಸಹಿಯ ಒಂದು ರೂಪಾಯಿ ನೋಟು ನಮ್ಮ ಕಡೆ ಸಾಕಷ್ಟು ಮನೆಗಳಲ್ಲಿದೆ. ನೋಡಲು ಬಲು ಗತ್ತು. ಆದರೆ ಸಂಗ್ರಹಕಾರರ ಲೋಕದಲ್ಲಿ ಅದು ಅಷ್ಟೇನೂ ಅಪರೂಪವಲ್ಲ. ಹಳೆಯದೆಲ್ಲ ದುಬಾರಿಯಲ್ಲ, ಇದನ್ನೊಂದು ಅರ್ಥ ಮಾಡಿಕೊಂಡರೆ ಅರ್ಧ ವಿದ್ಯೆ ಬಂದಂತೆ. ಅಜ್ಜಿ ಕಾಲದ ಹಿತ್ತಾಳೆ ಚೊಂಬು ಎಲ್ಲರ ಮನೆಯಲ್ಲೂ ಇರುತ್ತದಲ್ಲ, ಹಾಗೆ.

ಸ್ವಾತಂತ್ರ್ಯ ಬಂದ ಮೇಲಿನ ನೋಟುಗಳಲ್ಲೇ ನಮ್ಮಂಥವರ ಮನೆಯ ಸಂಪತ್ತು ಹೆಚ್ಚು. 1949ರಲ್ಲಿ ದೊರೆಯ ಮುಖ ಹೋಗಿ ಅಶೋಕ ಸ್ತಂಭದ ಸಿಂಹ ಬಂತು. ಆ ಮೊದಲ ಒಂದು ರೂಪಾಯಿಯ ಮೇಲಿನ ಸಹಿ ಕೆ.ಆರ್.ಕೆ. ಮೆನನ್ ಅವರದು. 1950ರ ಸುಮಾರಿಗೆ ರಿಸರ್ವ್ ಬ್ಯಾಂಕಿನ ಎರಡು, ಐದು, ಹತ್ತು, ನೂರರ ನೋಟುಗಳೂ ಸಿಂಹದ ಮುಖದಲ್ಲಿ ಬಂದವು. ಇಲ್ಲೊಂದು ತಮಾಷೆ ಇದೆ. ಮೊದಲು ಬಂದ ನೋಟಿನ ಮೇಲೆ ಹಿಂದಿಯಲ್ಲಿ 'ದೋ ರುಪಯಾ' ಎಂದು ಅಚ್ಚಾಗಿತ್ತು. ಎರಡು ರೂಪಾಯಿ ಅಂದ ಮೇಲೆ ಬಹುವಚನ ಬೇಡವೇ ಅಂತ ಚರ್ಚೆಯಾಗಿ 1953ರಲ್ಲಿ 'ರುಪಯೇ' ಎಂದು ತಿದ್ದಿದರು. ಒಂದು ಮಾತ್ರೆಯ ವ್ಯತ್ಯಾಸ! ಸಂಗ್ರಹಕಾರರು ತಿದ್ದುವ ಮೊದಲಿನದನ್ನು ಹುಡುಕಿಕೊಂಡು ಬರುತ್ತಾರೆ. ಮಕ್ಕಳ ಹಿಂದಿ ಹೋಂವರ್ಕ್ ತಿದ್ದುವ ನಿಮಗೆ ಇದನ್ನು ಗುರುತಿಸುವುದು ಎಷ್ಟರ ಕೆಲಸ!

ಇನ್ನು ಗಾತ್ರ. 1967ರಲ್ಲಿ ಖರ್ಚು ಉಳಿಸಲು ನೋಟುಗಳ ಅಳತೆ ಕಡಿಮೆ ಮಾಡಿದರು. ಅದಕ್ಕೂ ಹಿಂದಿನ ನೂರರ ನೋಟು ಕೈಯಲ್ಲಿ ಹಿಡಿದರೆ ಕರವಸ್ತ್ರ ಹಿಡಿದಂತೆ ಅನ್ನಿಸುತ್ತದೆ. 1969ರಲ್ಲಿ ಗಾಂಧೀಜಿಯವರ ಜನ್ಮ ಶತಮಾನೋತ್ಸವಕ್ಕೆ, ಸೇವಾಗ್ರಾಮದ ಆಶ್ರಮದ ಹಿನ್ನೆಲೆಯಲ್ಲಿ ಅವರು ಕುಳಿತಿರುವ ಚಿತ್ರದ ನೋಟು ಬಂತು. ಗಾಂಧೀಜಿ ನಮ್ಮ ನೋಟಿನ ಮೇಲೆ ಮೊದಲ ಸಲ ಕಾಣಿಸಿಕೊಂಡದ್ದು ಆಗಲೇ. ಈಗ ನಾವು ದಿನಾ ನೋಡುವ ನಗುಮುಖದ ಸರಣಿ ಬಂದದ್ದು 1996ರಲ್ಲಿ. ಶತಮಾನೋತ್ಸವದ ನೋಟು ಸಿಕ್ಕರೆ ಸಹಿ ನೋಡಿ. ಸಾಮಾನ್ಯವಾಗಿ ಎಲ್.ಕೆ. ಝಾ ಅವರದಿರುತ್ತದೆ. ಬಿ.ಎನ್. ಅಡಾರ್ಕರ್ ಅವರದಿದ್ದರೆ ಬದಿಗಿಡಿ. ಅವರು ಗವರ್ನರ್ ಆಗಿದ್ದದ್ದೇ 1970ರ ಮೇ, ಜೂನ್‌ನಲ್ಲಿ ಕೆಲವೇ ವಾರ. ಕೆಲವು ವಾರದ ಸಹಿಗೆ ಬೇಡಿಕೆ ಹೆಚ್ಚು, ಲೆಕ್ಕ ಸರಳ. ಅಂದ ಹಾಗೆ, ಮನಮೋಹನ್ ಸಿಂಗ್ ಅವರ ಸಹಿ ಎರಡು ತರಹದ ನೋಟಿನ ಮೇಲೂ ಇದೆ. ಹಣಕಾಸು ಕಾರ್ಯದರ್ಶಿಯಾಗಿದ್ದಾಗ ಒಂದು ರೂಪಾಯಿಯ ಮೇಲೆ, ಗವರ್ನರ್ ಆಗಿದ್ದಾಗ ಉಳಿದವುಗಳ ಮೇಲೆ. ಮಾರುವುದಕ್ಕೆ ಅಲ್ಲದಿದ್ದರೂ ಮಕ್ಕಳಿಗೆ ತೋರಿಸಲು ಚೆಂದ.

ಒಂದು ವಿಶೇಷ ನೋಟಿನ ಬಗ್ಗೆ ಹೇಳಲೇಬೇಕು. 1959ರಲ್ಲಿ ಹಜ್ ಯಾತ್ರಿಕರಿಗೆಂದೇ ರಿಸರ್ವ್ ಬ್ಯಾಂಕ್ ಹತ್ತರ ಮತ್ತು ನೂರರ ಬೇರೆ ನೋಟು ಹೊರಡಿಸಿತ್ತು. ಬಣ್ಣವೇ ಬೇರೆ, ನಂಬರಿನ ಮುಂದೆ ಎಚ್ಎ ಎಂಬ ಅಕ್ಷರಗಳು. ಸೌದಿಯಲ್ಲಿ ಮಾತ್ರ ನಡೆಯುತ್ತಿದ್ದ ಈ ನೋಟು ಭಾರತದಲ್ಲಿ ಚಲಾವಣೆಯಲ್ಲಿರಲಿಲ್ಲ. 2024ರಲ್ಲಿ ಲಂಡನ್ನಿನ ಹರಾಜಿನಲ್ಲಿ ಇಂಥ ನೂರರ ನೋಟೊಂದು ಐವತ್ತು ಲಕ್ಷ ರೂಪಾಯಿಗೂ ಮೀರಿ ಹೋಯಿತು. ಪತ್ರಿಕೆಗಳಲ್ಲಿ ಬಂದ ಸುದ್ದಿ ಬಾಯಿಂದ ಬಾಯಿಗೆ ಹಬ್ಬಿ 'ಹಳೇ ನೂರರ ನೋಟಿಗೆ ಐವತ್ತು ಲಕ್ಷ' ಅಂತಾಯಿತು. 'ಹಜ್' ಅನ್ನುವ ಶಬ್ದ ದಾರಿಯಲ್ಲೇ ಉದುರಿಹೋಯಿತು ನೋಡಿ! ನಿಮ್ಮ ಮನೆಯ ಹಿರಿಯರು 1960ರ ಆಸುಪಾಸಿನಲ್ಲಿ ಹಜ್‌ಗೆ ಹೋಗಿ ಬಂದಿದ್ದರೆ ಅವರ ಕಾಗದಪತ್ರಗಳ ಪೆಟ್ಟಿಗೆಯನ್ನು ಒಮ್ಮೆ ನಿಧಾನವಾಗಿ ನೋಡಿ. ಉಳಿದವರು ನೂರರ ನೋಟು ಹಿಡಿದು ಕನಸು ಕಾಣುವುದು ಬೇಡ.

ಭಂಡಾರ, ಸೂಜಿ, ಇಸ್ತ್ರಿ

ಯಾವ ನೋಟು ಅನ್ನುವಷ್ಟೇ ಮುಖ್ಯ, ಯಾವ ಸ್ಥಿತಿಯ ನೋಟು ಅನ್ನುವುದು. ಬ್ಯಾಂಕಿನಿಂದ ಬಂದಂತೆಯೇ, ಮಡಿಕೆಯಿಲ್ಲದೆ ಗರಿಗರಿಯಾಗಿ ಇರುವ ನೋಟಿಗೂ ನಡುವೆ ಒಂದೇ ಒಂದು ಮಡಿಕೆ ಬಿದ್ದ ನೋಟಿಗೂ ಬೆಲೆಯಲ್ಲಿ ಎಷ್ಟೋ ಅಂತರ. ಹತ್ತು ಕೈ ದಾಟಿ ಮೆತ್ತಗಾದ ನೋಟಿಗೂ ಹೊಸದಕ್ಕೂ ಹೋಲಿಕೆಯೇ ಇಲ್ಲ. ಮೊಬೈಲ್‌ನಲ್ಲಿ ಕಾಣುವ ದೊಡ್ಡ ಬೆಲೆಗಳೆಲ್ಲ ಗರಿಗರಿ ನೋಟಿನವು. ನಮ್ಮ ಚಂಚಿಯಲ್ಲಿರುವುದು ಸಂತೆ ಮಾಡಿ ದಣಿದ ನೋಟು.

ನಮ್ಮ ಕಡೆಯ ನೋಟಿಗೆ ಇನ್ನೊಂದು ಗುರುತು ಇರುತ್ತದೆ. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹರಕೆ ಹೊತ್ತು ಬಟ್ಟೆಯಲ್ಲಿ ಮುಡುಪು ಕಟ್ಟಿ ಇಟ್ಟ ನೋಟು, ಬನದ ಹುಣ್ಣಿಮೆಗೆ ಹೋಗಬೇಕೆಂದು ಎತ್ತಿಟ್ಟು ಹೋಗಲಾಗದೆ ಉಳಿದ ನೋಟು, ದೀಪಾವಳಿಯ ಲಕ್ಷ್ಮೀ ಪೂಜೆಯಲ್ಲಿ ಅರಿಷಿಣ-ಕುಂಕುಮ ಏರಿಸಿಕೊಂಡ ನೋಟು. ಭಂಡಾರದ ಹಳದಿ ಕಾಗದದೊಳಗೆ ಇಳಿದುಬಿಟ್ಟಿರುತ್ತದೆ. ಸಂಗ್ರಹಕಾರನ ಕಣ್ಣಿಗೆ ಅದು ಕಲೆ. ಬೆಲೆ ಬಿದ್ದುಹೋಗುತ್ತದೆ, ಸುಳ್ಳು ಹೇಳಿ ಪ್ರಯೋಜನವಿಲ್ಲ. ಆದರೆ ನೀರಿನಲ್ಲಿ, ಸೋಪಿನಲ್ಲಿ ತೊಳೆಯಲು ಮಾತ್ರ ಹೋಗಬೇಡಿ. ತೊಳೆದ ನೋಟಿಗೆ ಇರುವ ಬೆಲೆಯೂ ಇರುವುದಿಲ್ಲ, ದೇವರ ಭಂಡಾರವೂ ಇರುವುದಿಲ್ಲ.

ರಾಮದುರ್ಗದ ನೇಕಾರ ಮನೆತನದ ಸೊಸೆಯೊಬ್ಬರು ತೋರಿಸಿದ ನೋಟುಗಳು ಮಾವನವರ ಲೆಕ್ಕದ ಪುಸ್ತಕಕ್ಕೆ ಟಾಚಣಿಯಿಂದ ಚುಚ್ಚಿಟ್ಟವು. ವಾರದ ಮಜೂರಿಯ ಲೆಕ್ಕ ಅದು. ಟಾಚಣಿ ಕಿಲುಬು ಹಿಡಿದು ಕಾಗದದಲ್ಲಿ ಕಂದು ತೂತು ಮಾಡಿತ್ತು. ಇಂಥ ತೂತು ಕಂಡು ಎದೆ ಒಡೆದುಕೊಳ್ಳಬೇಕಿಲ್ಲ. ಬ್ಯಾಂಕಿನವರೇ ಕಟ್ಟುಗಳಿಗೆ ಸ್ಟೇಪ್ಲರ್ ಹೊಡೆಯುತ್ತಿದ್ದ ಕಾಲವಿತ್ತು. 2001ರಲ್ಲಿ ರಿಸರ್ವ್ ಬ್ಯಾಂಕ್ ಅದನ್ನು ನಿಲ್ಲಿಸಿ, ಕಾಗದದ ಪಟ್ಟಿ ಸುತ್ತುವಂತೆ ಹೇಳಿತು. ಅದಕ್ಕೂ ಹಿಂದಿನ ನೋಟಿನಲ್ಲಿ ಸಣ್ಣ ತೂತಿದ್ದರೆ ಸಂಗ್ರಹಕಾರರು ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಟಾಚಣಿಯನ್ನು ಎಳೆದು ಕಿತ್ತು ತೂತನ್ನು ಹರಿದುಕೊಳ್ಳಬೇಡಿ. ಮೆಲ್ಲಗೆ ತೆಗೆಯಿರಿ.

ನನ್ನದೇ ಪ್ರಮಾದವನ್ನೂ ಹೇಳಿಬಿಡುತ್ತೇನೆ. ಸವದತ್ತಿಯ ನಮ್ಮಜ್ಜಿ ನನ್ನ ಮದುವೆಯಲ್ಲಿ ಉಡಿಯಲ್ಲಿ ಹಾಕಿದ್ದು ದೊಡ್ಡ ಗಾತ್ರದ ಹಳೇ ನೂರು. ನಾಲ್ಕು ಮಡಿಕೆಯಾಗಿ, ಅಂಚು ಸ್ವಲ್ಪ ಸೀಳಿತ್ತು. ಚೆಂದ ಕಾಣಲೆಂದು ಒಂದು ದಿನ ಮೇಲೆ ಬಟ್ಟೆ ಹಾಕಿ ಇಸ್ತ್ರಿ ಮಾಡಿದೆ, ಸೀಳಿಗೆ ಟೇಪು ಅಂಟಿಸಿದೆ. ಅದೇ ಸಾಲದೆಂದು ಲ್ಯಾಮಿನೇಶನ್ ಮಾಡಿಸಿದೆ! ಹತ್ತು ವರ್ಷದ ಮೇಲೆ ಹುಬ್ಬಳ್ಳಿಯಲ್ಲಿ ಹಳೇ ನೋಟು ಬಲ್ಲ ಹಿರಿಯರೊಬ್ಬರಿಗೆ ತೋರಿಸಿದರೆ ಅವರು ನೋಟು ನೋಡಲಿಲ್ಲ, ನನ್ನ ಮುಖ ನೋಡಿದರು. "ಇಸ್ತ್ರಿ ಮಾಡೀರೇನ್ರಿ?" ಅಂದರು. ಅಷ್ಟೇ. ಮುಂದೆ ಮಾತಾಡಲಿಲ್ಲ. ಟೇಪಿನ ಅಂಟು ಹಳದಿಯಾಗಿ ಕಾಗದದ ಆಚೆ ಬದಿಗೂ ಇಳಿದಿತ್ತು. ಅಜ್ಜಿಯ ನೂರು ಈಗ ಪ್ಲಾಸ್ಟಿಕ್ಕಿನೊಳಗೆ ಸಮಾಧಿಯಾಗಿದೆ.

ಹಾಗಾಗಿ, ಬಿಚ್ಚಿ ನೇರ ಮಾಡಿ ಭಾರವಾದ ಪುಸ್ತಕದೊಳಗೆ ಬಿಳಿ ಹಾಳೆಗಳ ನಡುವೆ ಇಡಿ, ಸಾಕು. ಆಮೇಲೆ ನೋಟು ಇಡಲೆಂದೇ ಮಾಡಿದ ಪಾಲಿಪ್ರಾಪಿಲಿನ್ ಇಲ್ಲವೇ ಮೈಲಾರ್ ಕವರು ಸಿಗುತ್ತದೆ, ಒಂದರಲ್ಲಿ ಒಂದು. ಮೆತ್ತನೆಯ, ವಾಸನೆ ಬರುವ ಅಗ್ಗದ ಪ್ಲಾಸ್ಟಿಕ್ ಕವರು ಬೇಡ. ಡಾಂಬರು ಗುಳಿಗೆ ಸೀರೆಗಿರಲಿ, ನೋಟಿಗೆ ತಾಗಿಸಬೇಡಿ.

ಹಾಗಾದರೆ ಬೆಲೆ ಗೊತ್ತಾಗುವುದು ಹೇಗೆ?

ಮಾರುವವ ಹೇಳಿದ್ದು ಬೆಲೆಯಲ್ಲ, ಕೊಂಡವ ಕೊಟ್ಟದ್ದು ಬೆಲೆ. ತರಕಾರಿ ಮಾರ್ಕೆಟ್ಟಿನಲ್ಲಿ ನಾವು ದಿನಾ ಪಾಲಿಸುವ ನಿಯಮವೇ ಇದು. ಇಂಟರ್ನೆಟ್‌ನಲ್ಲಿ ಯಾರೋ ತಮ್ಮ ನೋಟಿಗೆ ಐದು ಲಕ್ಷ ಅಂತ ಹಾಕಿಕೊಂಡಿರುತ್ತಾರೆ. ಅದು ವರ್ಷಗಟ್ಟಲೆ ಅಲ್ಲೇ ಕೊಳೆಯುತ್ತಿರುತ್ತದೆ. ನೋಡಬೇಕಾದದ್ದು ಹರಾಜು ಮುಗಿದ ಮೇಲೆ ಪ್ರಕಟವಾಗುವ, ನಿಜವಾಗಿ ಕೈಬದಲಾದ ಮೊತ್ತವನ್ನು. ಒಂದೇ ನೋಟು, ಒಂದೇ ಸಹಿ, ಹೆಚ್ಚುಕಡಿಮೆ ಒಂದೇ ಸ್ಥಿತಿಯದು ಮೂರ್ನಾಲ್ಕು ಸಲ ಎಷ್ಟಕ್ಕೆ ಹೋಗಿದೆ ನೋಡಿದರೆ ಅಂದಾಜು ಸಿಗುತ್ತದೆ. ಬೆಂಗಳೂರಿನ ರಿಜ್ವಾನ್ ರಜಾಕ್ ಅವರು ಕಿಶೋರ್ ಝುನ್‌ಝುನ್‌ವಾಲಾ ಜೊತೆ ಬರೆದ ಭಾರತೀಯ ನೋಟುಗಳ ಕೈಪಿಡಿಯನ್ನು ಸಂಗ್ರಹಕಾರರು ಪಂಚಾಂಗದಂತೆ ಬಳಸುತ್ತಾರೆ. ಅವರದೇ ಕಾಗದದ ಹಣದ ಮ್ಯೂಸಿಯಂ 2020ರಲ್ಲಿ ಬೆಂಗಳೂರಿನ ಬ್ರಂಟನ್ ರಸ್ತೆಯಲ್ಲಿ ತೆರೆಯಿತು. ಮಗಳ ಮನೆಗೆ ಬೆಂಗಳೂರಿಗೆ ಹೋದಾಗ ಮಾಲ್ ಸುತ್ತುವ ಬದಲು ಒಮ್ಮೆ ಅಲ್ಲಿಗೆ ಹೋಗಿ ಬನ್ನಿ. ಎರಡೂವರೆ ರೂಪಾಯಿ ನೋಟು ಹೇಗಿರುತ್ತದೆ ಅಂತ ಕಣ್ಣಾರೆ ನೋಡಿದರೆ ಫೋನಿನಲ್ಲಿ ಯಾರೂ ನಿಮ್ಮನ್ನು ಮಂಗ ಮಾಡಲಾರರು.

ನಂಬರೂ ನೋಡಿ. ಆರು ಅಂಕಿಯೂ ಒಂದೇ ಇದ್ದರೆ, ಇಲ್ಲವೇ 000001ರಂಥ ಮೊದಲ ನಂಬರಾಗಿದ್ದರೆ ಬೇಡಿಕೆ ಉಂಟು. ನಂಬರಿನಲ್ಲಿ ನಕ್ಷತ್ರದ ಗುರುತು ಕಂಡು ಬಹಳ ಜನ ಗಾಬರಿಯಾಗುತ್ತಾರೆ, ಖೋಟಾ ನೋಟು ಎಂದು. ಅಲ್ಲ! ಅಚ್ಚಿನಲ್ಲಿ ಕೆಟ್ಟ ನೋಟಿನ ಬದಲಿಗೆ ಕಟ್ಟಿಗೆ ಸೇರಿಸುವ ನೋಟು ಅದು. 2006ರಿಂದ ಹತ್ತು, ಇಪ್ಪತ್ತು, ಐವತ್ತರಲ್ಲಿ ಶುರುವಾಯಿತು. ಅಚ್ಚು ತಪ್ಪಿದ ನೋಟಿಗೂ ಬೆಲೆ ಇದೆ. ಆದರೆ ತಪ್ಪನ್ನು ಮನೆಯಲ್ಲೇ 'ತಯಾರಿಸುವ' ಜಾಣರೂ ಇದ್ದಾರೆ. ಕೊಳ್ಳಲು ಹೋಗಬೇಡಿ.

ಕೊಡುವುದೇ ಎಂದಾದರೆ ಒಬ್ಬರ ಮಾತಿಗೆ ಕೊಡಬೇಡಿ, ಇಬ್ಬರು ಮೂವರಿಗೆ ತೋರಿಸಿ. ನೋಟನ್ನು ಅವರ ಹತ್ತಿರ 'ನೋಡಿ ಹೇಳ್ತೀವಿ' ಎಂದು ಬಿಟ್ಟು ಬರಬೇಡಿ. ಹುಬ್ಬಳ್ಳಿ, ಬೆಳಗಾವಿಯಂಥ ಊರುಗಳಲ್ಲಿ ನಾಣ್ಯ-ನೋಟಿನ ಪ್ರದರ್ಶನ ನಡೆದಾಗ ಹೋದರೆ ಒಂದೇ ಸೂರಿನಡಿ ನಾಲ್ಕು ಜನ ಸಿಗುತ್ತಾರೆ. ಮತ್ತೆ ಮುಖ್ಯವಾದದ್ದು: ನಿಜವಾಗಿ ಕೊಳ್ಳುವವನು ನಿಮಗೆ ದುಡ್ಡು ಕೊಡುತ್ತಾನೆ, ನಿಮ್ಮಿಂದ ಕೇಳುವುದಿಲ್ಲ. ನೋಂದಣಿ ಶುಲ್ಕ, ಜಿಎಸ್‌ಟಿ, ರಿಸರ್ವ್ ಬ್ಯಾಂಕಿನ ಎನ್‌ಒಸಿ, ಕೊರಿಯರ್ ವಿಮೆ, ಹೆಸರು ಏನೇ ಇರಲಿ, ಮೊದಲು ಕಟ್ಟಿ ಅಂದರೆ ಅದು ಬಲೆ. ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಪ್ರಕಟಣೆ ಕೊಟ್ಟು, ಹಳೇ ನೋಟು-ನಾಣ್ಯದ ವ್ಯವಹಾರಕ್ಕೂ ತನಗೂ ಸಂಬಂಧವಿಲ್ಲ, ಇಂಥ ಶುಲ್ಕ-ಕಮಿಷನ್ ತಾನು ಕೇಳುವುದೇ ಇಲ್ಲ ಎಂದು ಹೇಳಿತ್ತು. ಅದಕ್ಕೆ ಎರಡು ತಿಂಗಳ ಹಿಂದಷ್ಟೇ ಬೆಂಗಳೂರಿನ ಶಿಕ್ಷಕಿಯೊಬ್ಬರು 1947ರ ಒಂದು ರೂಪಾಯಿ ನಾಣ್ಯ ಮಾರಲು ಹೋಗಿ, ಕೋಟಿಯ ಆಸೆ ತೋರಿಸಿದವನಿಗೆ ತಾವೇ ಸುಮಾರು ಒಂದು ಲಕ್ಷ ಕಟ್ಟಿ ಕಳೆದುಕೊಂಡಿದ್ದರು. ಓದಿದವರೇ! ಆಸೆಗೆ ಡಿಗ್ರಿ ಅಡ್ಡ ಬರುವುದಿಲ್ಲ. ಈಗಾಗಲೇ ಕಟ್ಟಿಬಿಟ್ಟಿದ್ದರೆ ನಾಚಿಕೆಪಟ್ಟು ಮುಚ್ಚಿಡಬೇಡಿ. ತಕ್ಷಣ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು.

ಇನ್ನು ಆ ಐನೂರರ ಎರಡು ನೋಟು. ಇದನ್ನು ಕೇಳುವಾಗ ಬೈಲಹೊಂಗಲದ ಆ ತಾಯಿಯ ದನಿ ಇಳಿದಿತ್ತು. "ಪೊಲೀಸ್ರು ಹಿಡೀತಾರೇನ್ರಿ?" ಅಂದರು. 2016ರ ನವೆಂಬರ್ 8ರ ರಾತ್ರಿ ನೆನಪಿದೆಯಲ್ಲ? ಅಕ್ಕಿ ಡಬ್ಬಿ, ಹಾಸಿಗೆಯಡಿ, ಸೀರೆ ಮಡಿಕೆಯಿಂದ ಹೆಂಗಸರ ಗುಟ್ಟಿನ ದುಡ್ಡು ಊರ ಮುಂದೆ ಹೊರಬಿದ್ದ ಕಾಲ. 'ಎಲ್ಲಿಂದ ಬಂತು ಇಷ್ಟು?' ಅಂತ ಗಂಡಂದಿರು ಕೇಳಿದ್ದು, ನಾವು ತಪ್ಪಿತಸ್ಥರಂತೆ ತಲೆ ತಗ್ಗಿಸಿದ್ದು! ಮೊಸರು ಮಾರಿ, ಹಬ್ಬಕ್ಕೆ ಬಂದ ಉಡುಗೊರೆ ಉಳಿಸಿ, ಸಂತೆಯಲ್ಲಿ ಎರಡು ರೂಪಾಯಿ ಚೌಕಾಸಿ ಮಾಡಿ ಕೂಡಿಸಿದ್ದಕ್ಕೆ ತಲೆ ಯಾಕೆ ತಗ್ಗಿಸಬೇಕಿತ್ತು ಅಂತ ನನಗೆ ಇಂದಿಗೂ ಸಿಟ್ಟು ಬರುತ್ತದೆ. ಇರಲಿ. ಆ ಅತ್ತೆ ಬಹುಶಃ ಹೇಳಲು ಅಂಜಿಯೇ ಎರಡು ನೋಟು ಹಾಗೇ ಬಿಟ್ಟಿದ್ದಾರೆ.

ಅವುಗಳನ್ನು ಬದಲಿಸಿಕೊಳ್ಳುವ ಗಡುವು ಎಂದೋ ಮುಗಿದಿದೆ. 2017ರ ಕಾಯ್ದೆಯ ಪ್ರಕಾರ ರದ್ದಾದ ಐನೂರು, ಸಾವಿರದ ನೋಟುಗಳು ಒಟ್ಟು ಹತ್ತರವರೆಗೆ ಮನೆಯಲ್ಲಿದ್ದರೆ ಅಪರಾಧವಲ್ಲ. ಅಧ್ಯಯನಕ್ಕೆ, ಸಂಗ್ರಹಕ್ಕೆ ಎಂದಾದರೆ ಇಪ್ಪತ್ತೈದರವರೆಗೆ. ಅದಕ್ಕೂ ಹೆಚ್ಚಿದ್ದರೆ ಹತ್ತು ಸಾವಿರ ಇಲ್ಲವೇ ಮುಖಬೆಲೆಯ ಐದು ಪಟ್ಟು, ಯಾವುದು ಹೆಚ್ಚೋ ಅಷ್ಟು ದಂಡ. ಇಟ್ಟುಕೊಳ್ಳಲು ಈ ಸಡಿಲಿಕೆ ಇದೆಯೇ ಹೊರತು ಮಾರಲು, ಕೈಬದಲಿಸಲು ಇಲ್ಲ. 'ಕಮಿಷನ್ ಮೇಲೆ ಬದಲಾಯಿಸಿ ಕೊಡ್ತೀವಿ' ಅನ್ನುವವರ ಹತ್ತಿರ ಸುಳಿಯಬೇಡಿ. ಎರಡು ಸಾವಿರದ ಗುಲಾಬಿ ನೋಟಿನ ಮಾತೇ ಬೇರೆ. 2023ರ ಮೇ 19ರಂದು ಹಿಂಪಡೆಯುವುದಾಗಿ ಹೇಳಿದರೂ ಅದನ್ನು ರದ್ದು ಮಾಡಿಲ್ಲ. ಸಿಕ್ಕರೆ ಅಂಚೆ ಕಚೇರಿಯ ಮೂಲಕ ಬೆಂಗಳೂರಿನ ರಿಸರ್ವ್ ಬ್ಯಾಂಕ್ ಕಚೇರಿಗೆ ಕಳಿಸಿ ನಿಮ್ಮ ಖಾತೆಗೆ ಜಮಾ ಮಾಡಿಸಿಕೊಳ್ಳಬಹುದು.

ನಾಲ್ಕು ದಿನ ಬಿಟ್ಟು ಬೈಲಹೊಂಗಲದಿಂದ ಮತ್ತೆ ಫೋನ್ ಬಂತು. ದನಿಯಲ್ಲಿ ನಗು ತುಂಬಿತ್ತು. 'ಕಂಪನಿ'ಯವ ಮತ್ತೆ ಮಾಡಿದ್ದನಂತೆ. "ನಾನ ಹೇಳಿದ್ನಿರಿ, ಹನ್ನೊಂದು ಲಕ್ಷದಾಗ ನಿಮ್ಮ ಎರಡು ಸಾವಿರದ ನೂರು ಮುರಕೊಂಡು ಉಳಿದದ್ದು ಕಳಸ್ರಿ ಅಂತ. ಫೋನ್ ಇಟ್ಟಬಿಟ್ಟ!"

ಚಂಚಿಯ ನೋಟುಗಳನ್ನು ಆಕೆ ಒಂದೊಂದಾಗಿ ಓದಿದ್ದರು. ಒಂದು ರೂಪಾಯಿ ಒಂಬತ್ತು, ಎಲ್ಲ ಎಪ್ಪತ್ತು-ಎಂಬತ್ತರ ದಶಕದವು, ಮೆತ್ತಗಾದವು. ಗಾಂಧಿ ಶತಮಾನೋತ್ಸವದ ಹತ್ತು ಒಂದು, ಝಾ ಅವರ ಸಹಿ, ನಡುವೆ ಸೀಳು. ಎರಡು ರೂಪಾಯಿ ನೋಟೊಂದರಲ್ಲಿ ಮಾತ್ರ ಅವರಿಗೆ ಅನುಮಾನ. "ರುಪಯಾ ಅಂತ ಐತ್ರಿ, ರುಪಯೇ ಅಂತಿಲ್ಲ. ಹುಡುಗನ ಹಿಂದಿ ಪುಸ್ತಕ ಬಾಜೂಕ್ಕಿಟ್ಟು ನೋಡೀನಿ." ಆದರೆ ಮೂಲೆಯಲ್ಲಿ ಹೆಬ್ಬೆರಳಗಲ ಭಂಡಾರದ ಹಳದಿ, ಅತ್ತೆಯ ಬೆರಳ ಗುರುತಿದ್ದಂತೆ.

"ಬೆಲಿ ಕಡಿಮ್ಯಾಗತೈತಿ ಹೌದಲ್ರೀ?" ಕೇಳಿದರು.

"ಹೌದು, ಬಹಳ ಕಡಿಮೆಯಾಗುತ್ತದೆ" ಅಂದೆ.

"ಆಗ್ಲಿ ಬಿಡ್ರಿ. ಅದನ್ನೇನ ಮಾರಂಗಿಲ್ಲ ನಾನು. ಕವರ್ ಎಲ್ಲಿ ಸಿಗ್ತಾವ ಅಷ್ಟ ಹೇಳ್ರಿ."